ಬಿಳಿ ಕೆಸರು

ಬೆರಿಲ್ ಮೂರನೆಯ ದಿನವೂ ಟಾಫಿ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಬಸ್ಸಿನಲ್ಲಿ ಅದೊಂದು ಸುದ್ದಿಯೇ ಆಗಿಬಿಟ್ಟಿತ್ತು. ಇಂಥ ಪ್ರವಾಸಗಳಲ್ಲಿ ಬಸ್ಸು ಹೊರಟು ಹತ್ತು ನಿಮಿಷ ಕಳೆಯುವುದರೊಳಗೆ ಯಾರಾದರೊಬ್ಬರು ಪೆಪ್ಪರ್‌ಮಿಂಟಿನ ಪೊಟ್ಟಣ ಬಿಚ್ಚಬೇಕು, ಅದು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಕೈಯಿಂದ ಕೈಗೆ ಹೋಗಬೇಕು, ಮರುದಿನ ಇನ್ನೊಬ್ಬರ ಸರದಿ ಬರಬೇಕು. ಹೇಳಿಕೊಟ್ಟವರು ಯಾರೂ ಇಲ್ಲ, ಆದರೆ ಮುರಿದವರನ್ನು ಎಲ್ಲರೂ ಗುರುತಿಟ್ಟುಕೊಳ್ಳುತ್ತಾರೆ. ಬೆರಿಲ್‌ಳ ತೊಡೆಯ ಮೇಲಿದ್ದದ್ದು ಕ್ರಿಸ್‌ಮಸ್ ಕಾಲದಲ್ಲಿ ಮಾರುವ ದೊಡ್ಡ ದುಂಡು ಡಬ್ಬಿ, ನಲವತ್ತು ಜನಕ್ಕೂ ಸಾಕಾಗುವಂಥದ್ದು. ಅದನ್ನು ಅವಳು ಮೇಲಿನ ಅಟ್ಟಣೆಯಲ್ಲೂ ಇಡುತ್ತಿರಲಿಲ್ಲ, ಕಾಲ ಬಳಿಯೂ ಇಡುತ್ತಿರಲಿಲ್ಲ. ಆಚೆ ಸಾಲಿನ ಕ್ಲಿಫ್ ಎಂಬ ವಿಧುರ, ಅಂಚೆ ಹಂಚಿ ನಿವೃತ್ತನಾದವನು, ಮೊದಲ ದಿನವೇ ಅವಳು ನರ್ಸ್ ಆಗಿದ್ದವಳೆಂದು ಪತ್ತೆ ಮಾಡಿ ಸಿಸ್ಟರ್ ಎಂದು ಕರೆಯಲು ಶುರುಮಾಡಿದ್ದ. ಅವನ ಮನೆತನದಲ್ಲಿ ಯಾರೂ ಯುದ್ಧದಲ್ಲಿ ಸತ್ತಿರಲಿಲ್ಲ. ಒಳ್ಳೆಯ ಜನ ಸಿಗುತ್ತಾರೆಂದು ಪ್ರತಿ ವರ್ಷ ಫ್ರಾನ್ಸಿನಲ್ಲಿರುವ ಮೊದಲ ಮಹಾಯುದ್ಧದ ಈ ಸ್ಮಶಾನಗಳ ಪ್ರವಾಸಕ್ಕೆ ಬರುತ್ತಿದ್ದ. "ಸಿಸ್ಟರ್, ಡಬ್ಬೀಲಿ ಟಾಫಿ ಇದ್ಯೋ, ಇಲ್ಲಾ ಮೊಟ್ಟೆ ಇಟ್ಕೊಂಡು ಕಾವು ಕೊಡ್ತಿದೀರೋ?" ಎಂದು ಅವನು ಕೇಳಿದಾಗ ಹಿಂದಿನ ಎರಡು ಸಾಲುಗಳು ನಕ್ಕವು. ಬೆರಿಲ್ ಕೂಡ ನಗುವಂತೆ ತುಟಿ ಮಾಡಿ ಕಿಟಕಿಯ ಕಡೆ ತಿರುಗಿದಳು. ಡಬ್ಬಿಯೊಳಗೆ ಅವಳ ತಾಯಿಯ ಬೂದಿ ಇತ್ತು.

ಪಕ್ಕದಲ್ಲಿ ಕೂತ ತಂಗಿ ನೋರೀನ್‌ಗೆ ಮಾತ್ರ ಅದು ಗೊತ್ತು. ಅವಳಿಗೂ ಹೇಳಬಾರದೆಂದೇ ಬೆರಿಲ್ ಅಂದುಕೊಂಡಿದ್ದಳು. ಆದರೆ ಮೊದಲ ದಿನ ಹಡಗಿನಲ್ಲಿ ಚಹಾ ಕುಡಿಯುವಾಗ ನೋರೀನ್ ತನ್ನ ಸಹಜ ಸಲಿಗೆಯಿಂದ ಡಬ್ಬಿಗೆ ಕೈ ಹಾಕಿಬಿಟ್ಟಳು, ಹೇಳದೆ ಗತ್ಯಂತರವಿರಲಿಲ್ಲ. ನೋರೀನ್ ಅತ್ತಳು. ಅವಳಿಗೆ ಅಳು ಸುಲಭ, ನಗುವೂ ಅಷ್ಟೇ ಸುಲಭ. ಕೆಂಪು ಬಣ್ಣ ಹಾಕಿದ ಕೂದಲು, ಬಿಟ್ಟು ಹೋದ ಇಬ್ಬರು ಗಂಡಂದಿರು, ಬ್ಲ್ಯಾಕ್‌ಪೂಲ್‌ನ ಸಮುದ್ರದ ಬಳಿ ಬಾಡಿಗೆ ಕೋಣೆಗಳ ಒಂದು ಮನೆ, ಎಲ್ಲವನ್ನೂ ಹೊತ್ತುಕೊಂಡು ಅವಳು ವರ್ಷಕ್ಕೆ ನಾಲ್ಕು ಸಲ ಅಮ್ಮನನ್ನು ನೋಡಲು ಬರುತ್ತಿದ್ದಳು, ಕ್ರೀಮಿನ ಕೇಕು ತರುತ್ತಿದ್ದಳು. ಅಮ್ಮನ ಸಕ್ಕರೆ ಕಾಯಿಲೆ ಅವಳಿಗೆ ನೆನಪಿರುತ್ತಿರಲಿಲ್ಲ. ಅಮ್ಮನಿಗೂ ಆ ದಿನ ನೆನಪಿರುತ್ತಿರಲಿಲ್ಲ. ಮೂಗಿಗೆ ಕ್ರೀಮು ಮೆತ್ತಿಕೊಂಡು ಇಬ್ಬರೂ ಕಿಲಕಿಲ ನಗುತ್ತ ಕೂತಿರುವಾಗ ಬೆರಿಲ್ ಬಂದು ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು. ಯಾರಾದರೂ ಎತ್ತಿಕೊಂಡು ಹೋಗಲೇಬೇಕಿತ್ತು. ಹದಿಮೂರು ವರ್ಷ ಅಮ್ಮನ ಮಾತ್ರೆ, ಸೂಜಿ, ಮಲದ ಪಾತ್ರೆ, ಬೆನ್ನಿನ ಹುಣ್ಣು ಎಲ್ಲ ನೋಡಿಕೊಂಡವಳು ಬೆರಿಲ್. ಅದನ್ನು ಅವಳು ಎಲ್ಲೂ ಹೇಳಿಕೊಂಡು ತಿರುಗಿದವಳಲ್ಲ. ಆದರೆ ಮನಸ್ಸಿನೊಳಗೆ ಆ ಹದಿಮೂರು ವರ್ಷಗಳನ್ನು ಮಡಿಸಿ, ಇಸ್ತ್ರಿ ಮಾಡಿ, ಜೋಡಿಸಿ ಇಟ್ಟುಕೊಂಡಿದ್ದಳು.

ಮುಂದೆ ಗೈಡ್ ಗಾರ್ಸೈಡ್ ಮೈಕು ಹಿಡಿದು ಗಂಟಲು ಸರಿಮಾಡಿಕೊಂಡ. ಇತಿಹಾಸದ ಮೇಷ್ಟರಾಗಿದ್ದವನು, ಸತ್ತವರ ಬಗ್ಗೆ ಮಾತಾಡುವಾಗ ಧ್ವನಿ ತಗ್ಗಿಸಿ, ಶೌಚಾಲಯ ಎಲ್ಲಿದೆಯೆಂದು ಹೇಳುವಾಗ ಏರಿಸುತ್ತಿದ್ದ. ಇವತ್ತಿನ ದಿನ ವಿಶೇಷವಾದದ್ದು ಎಂದ. ದೊಡ್ಡ ಬಸ್ಸುಗಳು ಹೋಗದ ಒಂದು ಪುಟ್ಟ ಜಾಗಕ್ಕೆ ಹೋಗುತ್ತಿದ್ದೇವೆ, ಬೀಟ್‌ಗೆಡ್ಡೆಯ ಹೊಲಗಳ ನಡುವೆ ಅರವತ್ತೇ ಗೋರಿಗಳು, ಮುರುಕು ಗಿರಣಿ ಸ್ಮಶಾನವೆಂದು ಅಂದಿನ ಸೈನಿಕರೇ ಇಟ್ಟ ಹೆಸರು. ಅಲ್ಲಿ ನಮ್ಮ ಬೆರಿಲ್ ಪಿಲ್ಲಿಂಗ್ ಅವರ ತಾಯಿಯ ತಂದೆ ಹರ್ಬರ್ಟ್ ಕ್ಲೆಗ್ ಮಲಗಿದ್ದಾರೆ, ತೊಂಬತ್ತನಾಲ್ಕು ವರ್ಷಗಳಲ್ಲಿ ಅವರ ಕುಟುಂಬದಿಂದ ಅಲ್ಲಿಗೆ ಕಾಲಿಡುತ್ತಿರುವ ಮೊದಲಿಗರು ಇವರು. ಬಸ್ಸಿನ ತುಂಬ ಮೆಲ್ಲಗೆ ಒಂದು ಉಸಿರು ಹರಿಯಿತು. ತಲೆಗಳು ತಿರುಗಿದವು. ಇಬ್ಬರ ಹೆಸರನ್ನೂ ಹೇಳಬೇಕಿತ್ತು, ನೋರೀನ್ ಕೂಡ ಮೊಮ್ಮಗಳೇ, ಎಂದು ಬೆರಿಲ್‌ಗೆ ಅನ್ನಿಸಿತು. ಹೇಳದೆ ಬಿಟ್ಟದ್ದು ಹಿತವಾಗಿತ್ತು ಕೂಡ. ಗಾರ್ಸೈಡ್‌ಗೆ ಕಾಗದ ಬರೆದವಳು, ಹಳೆಯ ತಂತಿ, ಪಟ, ರೆಜಿಮೆಂಟಿನ ಸಂಖ್ಯೆ ಎಲ್ಲ ಹುಡುಕಿ ಕಳಿಸಿದವಳು ತಾನು. ನೋರೀನ್ ಕೊನೆಯ ಗಳಿಗೆಯಲ್ಲಿ ಫೋನು ಮಾಡಿ, ಒಬ್ಬಳೇ ಯಾಕೆ ಹೋಗ್ತೀಯ, ನಾನೂ ಬರ್ತೀನಿ ಎಂದು ಬಂದು ಸೇರಿಕೊಂಡವಳು. ಈಗ ಅವಳು ಉಗುರಿನ ಬಣ್ಣ ಕೆರೆಯುತ್ತ ಕೂತಿದ್ದಳು.

ಮೊದಲಿಗಳು. ಬೆರಿಲ್ ಆ ಮಾತನ್ನು ಡಬ್ಬಿಯಂತೆಯೇ ಎರಡು ಕೈಯಲ್ಲಿ ಹಿಡಿದುಕೊಂಡಿದ್ದಳು. ಅಜ್ಜ ಸತ್ತಾಗ ಅಮ್ಮ ಆರು ತಿಂಗಳ ಕೂಸು. ಒಂದೇ ಒಂದು ಸಲ, ರಜೆಯ ಮೇಲೆ ಬಂದಾಗ, ಅವನು ಅವಳನ್ನು ಎತ್ತಿಕೊಂಡಿದ್ದನಂತೆ. ಎತ್ತಿಕೊಂಡ ನೆನಪು ಕೂಸಿಗೆ ಎಲ್ಲಿಂದ ಇರಬೇಕು, ಆದರೆ ಅಮ್ಮ ಎಂಬತ್ತೈದು ದಾಟಿದ ಮೇಲೂ ಅಪ್ಪನ ಕೋಟಿನ ಗುಂಡಿ ಕೆನ್ನೆಗೆ ಚುಚ್ಚುತ್ತಿತ್ತು ಎನ್ನುತ್ತಿದ್ದಳು. ಪ್ರತಿ ನವೆಂಬರ್ ಹನ್ನೊಂದಕ್ಕೆ, ಆ ಯುದ್ಧ ನಿಂತ ದಿನ, ಹನ್ನೊಂದು ಗಂಟೆ ಹೊಡೆಯುವಾಗ, ಅಡುಗೆಮನೆಯಲ್ಲೇ ತಲೆಗೆ ಹ್ಯಾಟು ಹಾಕಿಕೊಂಡು, ಒಲೆ ಆರಿಸಿ, ಸಿಂಕಿನ ಮುಂದೆ ಎರಡು ನಿಮಿಷ ನಿಲ್ಲುತ್ತಿದ್ದಳು. ಹುಡುಗಿಯರಿಬ್ಬರೂ ಪಕ್ಕದಲ್ಲಿ ನಿಲ್ಲಬೇಕು. ನೋರೀನ್‌ಗೆ ನಗು ಬರುತ್ತಿತ್ತು, ಬೆರಿಲ್ ಅವಳ ಕಾಲು ತುಳಿಯುತ್ತಿದ್ದಳು. ಆಮೇಲೆ ಹ್ಯಾಟು ತೆಗೆದು ಅಮ್ಮ ಆಲೂಗಡ್ಡೆ ಹೆಚ್ಚುವುದನ್ನು ಮುಂದುವರಿಸುತ್ತಿದ್ದಳು. ಫ್ರಾನ್ಸಿಗೆ ಹೋಗಿ ಆ ಗೋರಿ ನೋಡಬೇಕೆಂದು ಎಂದೂ ಬಾಯಿಬಿಟ್ಟು ಕೇಳಿದವಳಲ್ಲ. ಕೊನೆಯ ವಾರದಲ್ಲಿ ಮಾತ್ರ, ಬೆರಿಲ್ ದಿಂಬಿನ ಹೊದಿಕೆ ಬದಲಿಸುತ್ತಿದ್ದಾಗ, ಅವಳ ಮಣಿಕಟ್ಟು ಹಿಡಿದು, "ಒಂದ್ಸಲ ಅಪ್ಪನ್ನ ನೋಡ್ಕೊಂಡು ಬಾ, ಬೆರಿಲ್" ಎಂದಿದ್ದಳು. ನೋರೀನ್‌ಗೆ ಹೇಳಲಿಲ್ಲ, ತನಗೆ ಹೇಳಿದಳು. ಎರಡು ವರ್ಷ ಬೂದಿಯನ್ನು ಬೀರುವಿನಲ್ಲಿಟ್ಟುಕೊಂಡು ಬೆರಿಲ್ ಆ ಮಾತನ್ನು ಎಷ್ಟು ಸಲ ತಿರುಗಿಸಿ ನೋಡಿದ್ದಳೋ. ನೋಡಿಕೊಂಡು ಬರುವುದಲ್ಲ, ನಿನ್ನನ್ನೇ ಕರೆದುಕೊಂಡು ಹೋಗಿ ಅವನ ಬಳಿ ಬಿಟ್ಟು ಬರುತ್ತೇನೆ, ಎಂದು ಕೊನೆಗೆ ನಿರ್ಧರಿಸಿದಳು. ಯುದ್ಧದ ಸ್ಮಶಾನಗಳಲ್ಲಿ ಹಾಗೆ ಯಾರ ಬೂದಿಯನ್ನೂ ಹುಗಿಯುವಂತಿಲ್ಲ, ಅಪ್ಪಣೆ ಬೇಕು. ಬದುಕಿಡೀ ಹಸಿರು ದೀಪ ಬರದೆ ರಸ್ತೆ ದಾಟದ ಬೆರಿಲ್ ಚೀಲದ ತಳದಲ್ಲಿ, ಒಳ ಅಂಗಿಗಳ ಮಧ್ಯೆ, ತೋಟದ ಒಂದು ಪುಟ್ಟ ಕೈಸಲಿಕೆ ಸುತ್ತಿಟ್ಟುಕೊಂಡಿದ್ದಳು. ಹತ್ತು ನಿಮಿಷ ಒಬ್ಬಳೇ ಇರಲು ಬಿಡಿ ಎಂದು ಗಾರ್ಸೈಡ್‌ನನ್ನು ಕೇಳಿಕೊಂಡಿದ್ದಳು. ಅವನು ಕಣ್ಣು ಒದ್ದೆ ಮಾಡಿಕೊಂಡು ಒಪ್ಪಿದ್ದ.

ಬಸ್ಸು ಒಂದು ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡು ನಿಧಾನವಾಗಿ ಸಾಗಿ, ಹೊಲದ ಅಂಚಿನಲ್ಲಿ ನಿಂತಿತು. ಮುಂದೆ ಮಣ್ಣಿನ ಹಾದಿ. ನಿನ್ನೆ ಸುರಿದ ಮಳೆಗೆ ನೆಲ ನೆನೆದಿತ್ತು. ಇಳಿಯುವ ಮೊದಲೇ ನೋರೀನ್ ತನ್ನ ಶೂಗಳಿಗೆ ಎರಡು ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದಳು, ಬೆರಿಲ್‌ಗೂ ಎರಡು ಚಾಚಿದಳು. "ಕಟ್ಕೋ. ಈ ಮಣ್ಣು ಹಿಡಿದ್ರೆ ಬಿಡಲ್ಲ." ಬೆರಿಲ್‌ಗೆ ತಂಗಿಯಿಂದ ಬುದ್ಧಿ ಹೇಳಿಸಿಕೊಂಡು ಅಭ್ಯಾಸವಿರಲಿಲ್ಲ, ಬೇಡವೆಂದಳು. ಇಪ್ಪತ್ತು ಹೆಜ್ಜೆ ಹೋಗುವುದರೊಳಗೆ ಅವಳ ಕಂದು ಶೂ ಭಾರವಾಯಿತು. ಮಾಮೂಲು ಕೆಸರಲ್ಲ, ಸುಣ್ಣ ಬೆರೆಸಿದಂಥ ಬಿಳಿ ಕೆಸರು. ಅಟ್ಟೆಗೆ ಮೆತ್ತಿಕೊಂಡು, ಅಂಚಿನಿಂದ ಮೇಲೇರಿ, ಹೊಲಿಗೆಯೊಳಗೆ ನುಗ್ಗಿ ಕೂರುತ್ತಿತ್ತು. ಇದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೂ ಹೋಗುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಹಾಗೆ ಯಾಕೆ ಅನ್ನಿಸಿತೆಂದು ತಿಳಿಯಲಿಲ್ಲ. ಬ್ರಷ್ಷು ಹಿಡಿದ ತನ್ನ ಕೈ, ಹಿತ್ತಲ ನಲ್ಲಿ, ಹಾಲಿನಂತೆ ಹರಿದುಹೋದ ನೀರು ಒಂದು ಕ್ಷಣ ಕಣ್ಣ ಮುಂದೆ ಬಂದು, ಕ್ಲಿಫ್ ಜಾರಿ ಅವಳ ತೋಳು ಹಿಡಿದುಕೊಂಡದ್ದರಿಂದ ಚದುರಿಹೋಯಿತು. ಸಿಸ್ಟರ್ ಬಿದ್ದರೂ ಪರವಾಗಿಲ್ಲ, ಡಬ್ಬಿ ಬೀಳಬಾರದು ಎಂದು ಅವನು ಹಿಂದಿನವರಿಗೆ ಕೇಳಿಸುವಂತೆ ಹೇಳಿದ.

ಹಾದಿಯ ಕೊನೆಯಲ್ಲಿ ಎದೆಯೆತ್ತರದ ಇಟ್ಟಿಗೆ ಗೋಡೆ, ಕಬ್ಬಿಣದ ಚಿಕ್ಕ ಗೇಟು. ಗಾರ್ಸೈಡ್ ಅದನ್ನು ತಳ್ಳಿದ, ಎಳೆದ, ಚಿಲಕ ಅಲ್ಲಾಡಿಸಿದ. ತೆರೆಯಲಿಲ್ಲ. ನೋರೀನ್ ಅವನ ಪಕ್ಕ ನುಗ್ಗಿ, ಗೇಟನ್ನು ಒಂದು ಗೇಣು ಮೇಲಕ್ಕೆ ಎತ್ತಿ, ಸೊಂಟದಿಂದ ಒತ್ತಿದಳು. ತೆರೆಯಿತು. ಬಾಡಿಗೆ ಮನೆ ನಡೆಸುವವರಿಗೆ ಇಂಥ ಚಿಲಕಗಳೆಲ್ಲ ಬಾಯಿಪಾಠ ಎಂದು ಯಾರೋ ಹೊಗಳಿದರು. ಬೆರಿಲ್ ಅದನ್ನು ಕಂಡಳು, ಕಂಡದ್ದನ್ನು ಪಕ್ಕಕ್ಕಿಟ್ಟಳು. ಅವಳ ಮುಂದೆ ಆಗ ಅರವತ್ತು ಬಿಳಿ ಕಲ್ಲುಗಳು ನಿಂತಿದ್ದವು, ಒಂದೊಂದರ ಬುಡದಲ್ಲಿ ಗುಲಾಬಿ ಗಿಡ, ಕತ್ತರಿಸಿ ಬಾಚಿದ ಹುಲ್ಲು. ಎಲ್ಲವೂ ಎಷ್ಟು ಚೊಕ್ಕಟವಾಗಿತ್ತೆಂದರೆ, ಅವಳೊಳಗಿನ ನರ್ಸಿಗೆ ಮೊದಲು ಮೆಚ್ಚುಗೆಯಾಯಿತು, ಆಮೇಲೆ ದುಃಖವಾಯಿತು. ಎರಡನೆಯ ಸಾಲು, ಏಳನೆಯ ಕಲ್ಲು. ಹರ್ಬರ್ಟ್ ಕ್ಲೆಗ್, ಇಪ್ಪತ್ತಮೂರು ವರ್ಷ. ಅಡಿಯಲ್ಲಿ ಅಜ್ಜಿ ಆರಿಸಿ ಕೆತ್ತಿಸಿದ ಒಂದು ಸಾಲು: ಮೇಜಿನ ಬಳಿ ನಿನ್ನ ಕುರ್ಚಿ ಹಾಗೇ ಇದೆ. ಅರವತ್ತಮೂರು ವರ್ಷದ ಬೆರಿಲ್ ಇಪ್ಪತ್ತಮೂರು ವರ್ಷದ ಅಜ್ಜನ ಮುಂದೆ ನಿಂತಳು. ಏನು ಹೇಳಬೇಕೆಂದು ಮನೆಯಲ್ಲಿ ಯೋಚಿಸಿಕೊಂಡು ಬಂದದ್ದೆಲ್ಲ ಮರೆತುಹೋಗಿತ್ತು. ಗಾರ್ಸೈಡ್ ಟೋಪಿ ತೆಗೆದು ಓದಿದ: ಇಂಥ ಊರಿನ ನೇಕಾರ, ಇಂಥ ದಿನ ಸೈನ್ಯ ಸೇರಿದವನು, ಹೆಂಡತಿ, ಹಿಲ್ಡಾ ಎಂಬ ಒಂದು ಮಗು, ಆ ಮಗು ತೊಂಬತ್ತೆರಡು ವರ್ಷ ಬದುಕಿತು, ಒಮ್ಮೆಯೂ ಇಲ್ಲಿಗೆ ಬರಲಾಗಲಿಲ್ಲ, ಇವತ್ತು ಅದರ ಮಗಳು ಬಂದಿದ್ದಾಳೆ. ಕ್ಲಿಫ್ ಮೂಗು ಒರೆಸಿಕೊಂಡ. ಬೆರಿಲ್ ಕಾಗದದ ಕೆಂಪು ಹೂವಿನ ಪುಟ್ಟ ಮರದ ಶಿಲುಬೆಯನ್ನು ಕಲ್ಲಿನ ಬುಡದಲ್ಲಿ ಊರಿದಳು. ಮಣ್ಣು ಮೆತ್ತಗಿತ್ತು, ಕೈಸಲಿಕೆಗೆ ಕಷ್ಟವಾಗುವುದಿಲ್ಲವೆಂದು ಅವಳ ಬೆರಳುಗಳು ತಾವೇ ಲೆಕ್ಕ ಹಾಕಿದವು. ಎರಡು ನಿಮಿಷ ಮೌನ. ಅವಳು ಓರೆಗಣ್ಣಿನಿಂದ ನೋರೀನ್‌ಳನ್ನು ನೋಡಿದಳು, ಐವತ್ತು ವರ್ಷದ ಹಿಂದಿನ ಅಡುಗೆಮನೆಯಲ್ಲಿ ನೋಡುತ್ತಿದ್ದಂತೆ. ನೋರೀನ್ ನಗುತ್ತಿರಲಿಲ್ಲ. ಕಲ್ಲನ್ನು ನೋಡದೆ ನೆಲ ನೋಡುತ್ತಿದ್ದಳು.

ಆಮೇಲೆ ಜನ ಚದುರಿದರು, ಬೇರೆ ಹೆಸರುಗಳನ್ನು ಓದುತ್ತ ಗೇಟಿನ ಕಡೆ ಸರಿದರು. ಪುಸ್ತಕಕ್ಕೆ ಬರೆಯುವುದನ್ನು ಮರೆಯಬೇಡಿ ಎಂದು ಗಾರ್ಸೈಡ್ ಬೆರಿಲ್‌ಗೆ ಮೆಲ್ಲಗೆ ನೆನಪಿಸಿದ. ಇಂಥ ಪ್ರತಿ ಸ್ಮಶಾನದ ಗೋಡೆಯಲ್ಲೂ ಕಂಚಿನ ಬಾಗಿಲಿನ ಒಂದು ಪುಟ್ಟ ಗೂಡು ಇರುತ್ತದೆ. ಅದರೊಳಗೆ ಬಂದವರು ಹೆಸರು, ಊರು, ಒಂದು ಮಾತು ಬರೆದು ಹೋಗುವ ಪುಸ್ತಕ. ಮೂರು ದಿನದಿಂದ ಬೇರೆಯವರು ಬೇರೆಡೆ ಬರೆಯುವುದನ್ನು ನೋಡಿ ನೋಡಿ ಬೆರಿಲ್ ತನ್ನ ಸರದಿಗೆ ಕಾದಿದ್ದಳು, ಒಳ್ಳೆಯ ಪೆನ್ನು ಇಟ್ಟುಕೊಂಡಿದ್ದಳು. ಅವಳು ಗೂಡಿನ ಕಡೆ ಎರಡು ಹೆಜ್ಜೆ ಇಡುವಷ್ಟರಲ್ಲಿ ನೋರೀನ್ ಅಡ್ಡ ಬಂದಳು. ನೀನು ಇಲ್ಲೇ ಇರು, ನಿನ್ನ ಹತ್ತು ನಿಮಿಷ ಹಾಳಾಗುತ್ತದೆ, ಇಬ್ಬರ ಹೆಸರೂ ನಾನೇ ಬರೆದು ಬರುತ್ತೇನೆ, ಎಂದಳು. ಧ್ವನಿ ಬೇಕಾದ್ದಕ್ಕಿಂತ ಹಗುರವಾಗಿತ್ತು. ಬೆರಿಲ್‌ಗೆ ರೇಗಿತು. ಇಷ್ಟೆಲ್ಲ ಮಾಡಿದ್ದು ತಾನು, ಹೆಸರು ಮಾತ್ರ ಇವಳ ಅಕ್ಷರದಲ್ಲಿ. ಅಮ್ಮನ ಸಾವಿನ ಪ್ರಕಟಣೆಯನ್ನು ಪತ್ರಿಕೆಗೆ ಕೊಟ್ಟವಳೂ ಇವಳೇ, ಪ್ರೀತಿಯ ಹೆಣ್ಣುಮಕ್ಕಳು ನೋರೀನ್ ಮತ್ತು ಬೆರಿಲ್ ಎಂದು ತನ್ನ ಹೆಸರನ್ನೇ ಮುಂದೆ ಹಾಕಿಸಿದವಳು. ಬೆರಿಲ್ ಅವಳನ್ನು ಬಳಸಿ ಹೋಗಿ ಕಂಚಿನ ಬಾಗಿಲು ತೆರೆದಳು.

ಪುಸ್ತಕ ತೇವಕ್ಕೆ ಉಬ್ಬಿತ್ತು. ಇಲ್ಲಿಗೆ ಬರುವವರು ಕಡಿಮೆ; ಒಂದು ವರ್ಷಕ್ಕೆ ಎರಡು ಮೂರು ಪುಟ ತುಂಬಿದ್ದರೆ ಹೆಚ್ಚು. ಖಾಲಿ ಸಾಲು ಹುಡುಕಿ ಪೆನ್ನಿನ ಮುಚ್ಚಳ ತೆಗೆದವಳು, ಮೊದಲು ಬೇರೆಯವರು ಏನೇನು ಬರೆದಿದ್ದಾರೆಂದು ನೋಡುವ ಎಂದು ಪುಟಗಳನ್ನು ಹಿಂದಕ್ಕೆ ಮಗುಚಿದಳು. ತಾನು ಬರೆಯುವುದು ತೀರಾ ಸಾಮಾನ್ಯವಾಗಬಾರದಲ್ಲ. ಶಾಂತಿಯಿಂದ ಮಲಗಿ. ಧನ್ಯವಾದ. ಮರೆಯುವುದಿಲ್ಲ. ಯಾವುದೋ ಶಾಲೆಯ ಮಕ್ಕಳು. ಒಬ್ಬ ಬೆಲ್ಜಿಯಂನವನು. ಎರಡು ಸಾವಿರದ ಎಂಟು, ಏಳು, ಆರು. ಎರಡು ಸಾವಿರದ ಐದನೆಯ ಇಸವಿಯ ಜೂನ್ ಒಂಬತ್ತರ ಮುಂದೆ ಅವಳ ಕಣ್ಣು ನಿಂತಿತು. ಅಕ್ಷರ ಅವಳಿಗೆ ಗೊತ್ತಿತ್ತು. ಅಂಗಡಿಯ ಚೀಟಿಗಳಲ್ಲಿ, ಹುಟ್ಟುಹಬ್ಬದ ಕಾರ್ಡುಗಳಲ್ಲಿ, ಮಾತ್ರೆ ತೆಗೆದುಕೊಂಡೆನೆಂದು ಬರೆದಿಡುವ ಪಟ್ಟಿಯಲ್ಲಿ ಹದಿಮೂರು ವರ್ಷ ನೋಡಿದ ಅಕ್ಷರ. ನಡುಗುತ್ತ ಸಾಲು ಬಿಟ್ಟು ಮೇಲಕ್ಕೇರುವ ಅಕ್ಷರ. ಹಿಲ್ಡಾ ಪಿಲ್ಲಿಂಗ್, ಹುಟ್ಟಿದ ಮನೆ ಕ್ಲೆಗ್. ಅಪ್ಪಾ, ನಾನು ನಿನ್ನ ಹಿಲ್ಡಾ. ಕೊನೆಗೂ ಬಂದೆ. ಮಗಳು ಕರೆದುಕೊಂಡು ಬಂದಳು. ಅದರ ಕೆಳಗೆ ನೋರೀನ್‌ಳ ದುಂಡು ಬರಹ, ಹೆಸರಿನ ಪಕ್ಕ ಒಂದು ನಗುಮುಖ.

ಬೆರಿಲ್ ಮೂರು ಸಲ ಓದಿದಳು. ಮೂರನೆಯ ಸಲ ಓದುವಾಗ ಅವಳಿಗೆ ಆ ಜೂನ್ ತಿಂಗಳು ನೆನಪಾಯಿತು. ಅಮ್ಮ ಒಂದು ವಾರ ನೋರೀನ್ ಜೊತೆ ಬ್ಲ್ಯಾಕ್‌ಪೂಲ್‌ಗೆ ಹೋಗಿದ್ದಳು. ನೀನು ಸ್ವಲ್ಪ ಮಲಗು ಮಗಳೇ, ಸುಸ್ತಾಗಿದೀಯ, ಎಂದು ಹೇಳಿ ಹೋಗಿದ್ದಳು. ಬೆರಿಲ್ ನಿಜವಾಗಿ ಮಲಗಿದ್ದಳು, ಮಧ್ಯಾಹ್ನಗಳಲ್ಲೂ ಮಲಗಿದ್ದಳು, ಅಮ್ಮನ ದಯೆಗೆ ಕಣ್ಣು ತುಂಬಿಕೊಂಡು ಮಲಗಿದ್ದಳು. ನಾಲ್ಕನೆಯ ದಿನ ಬ್ಲ್ಯಾಕ್‌ಪೂಲ್ ಗೋಪುರದ ಚಿತ್ರವಿದ್ದ ಕಾರ್ಡು ಬಂದಿತ್ತು: ಹವೆ ಚೆನ್ನಾಗಿದೆ, ಮೀನು ತಿಂದೆ, ಮಾತ್ರೆ ಮರೆತಿಲ್ಲ. ಆ ಕಾರ್ಡು ಇವತ್ತಿಗೂ ಮನೆಯಲ್ಲಿ ಗಡಿಯಾರಕ್ಕೆ ಒರಗಿಕೊಂಡು ನಿಂತಿದೆ. ವಾರಕ್ಕೊಮ್ಮೆ ಅವಳೇ ಅದರ ಧೂಳು ಒರೆಸುತ್ತಾಳೆ. ಫ್ರಾನ್ಸಿಗೆ ಹೊರಡುವ ಮೊದಲೇ ಬರೆದಿಟ್ಟಿರಬೇಕು. ಎಂಬತ್ತೊಂಬತ್ತು ವರ್ಷದ ಮುದುಕಿ ಕನ್ನಡಕ ಹಾಕಿಕೊಂಡು ಕೂತು, ತಿನ್ನದ ಮೀನನ್ನು ತಿಂದೆನೆಂದು ಬರೆದಿದ್ದಾಳೆ. ವಾಪಸು ಬಂದಾಗ ಅವಳ ಶೂ ನೋಡಿ ಬೆರಿಲ್ ರೇಗಿದ್ದಳು. ಸಮುದ್ರದ ದಂಡೆಯಲ್ಲಿ ಇಂಥ ಬಿಳಿ ಕೆಸರು ಎಲ್ಲಿ ಸಿಕ್ಕಿತು, ಎಲ್ಲಿ ಜಾರಿ ಬಿದ್ದೆ, ಸೊಂಟ ಮುರಿದಿದ್ದರೆ ಯಾರ ಗತಿ ಏನು, ಎಂದು ಕೂಗಾಡಿದ್ದಳು. ಅಮ್ಮ ಹಜಾರದಲ್ಲಿ ಕೋಟು ಕೂಡ ಬಿಚ್ಚದೆ ತಲೆ ತಗ್ಗಿಸಿ ನಿಂತಿದ್ದಳು, ತುಟಿಯ ಮೂಲೆಯಲ್ಲಿ ಏನೋ ಇತ್ತು, ಬೆರಿಲ್ ಅದನ್ನು ಪಶ್ಚಾತ್ತಾಪ ಎಂದುಕೊಂಡಿದ್ದಳು. ಆಮೇಲೆ ಹಿತ್ತಲ ನಲ್ಲಿಯಲ್ಲಿ ಕೂತು, ಹಲ್ಲುಜ್ಜುವ ಹಳೆಯ ಬ್ರಷ್ಷು ಹಿಡಿದು, ಆ ಶೂಗಳಿಂದ ಅಜ್ಜನ ಗೋರಿಯ ಮಣ್ಣನ್ನು ಅರ್ಧ ಗಂಟೆ ಉಜ್ಜಿ ತೊಳೆದವಳು ಅವಳೇ.

ನೋರೀನ್ ಹಿಂದೆ ಬಂದು ನಿಂತಿದ್ದಳು. ಪ್ಲಾಸ್ಟಿಕ್ ಚೀಲಗಳ ಸರಸರ ಸದ್ದಿನಿಂದ ಗೊತ್ತಾಯಿತು.

"ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ಲು ಕಣೇ," ಎಂದಳು.

"ಯಾಕೆ?"

"ನೀನು ಬೈತೀಯ ಅಂತ."

ಬೆರಿಲ್ ಪುಸ್ತಕದಿಂದ ಕಣ್ಣು ತೆಗೆಯಲಿಲ್ಲ. ಅಷ್ಟೇನಾ ಎಂದು ಕೇಳಬೇಕೆಂದಿದ್ದಳು. ಇನ್ನೂ ದೊಡ್ಡದೇನಾದರೂ ಇರಬೇಕಿತ್ತು, ಆಸ್ತಿ, ದ್ವೇಷ, ಹಳೆಯ ಒಂದು ಗುಟ್ಟು. ಬೈಯುತ್ತಾಳೆಂದು ಮಗು ತಾಯಿಗೆ ಸುಳ್ಳು ಹೇಳುತ್ತದೆ. ತಾಯಿ ಮಗಳಿಗೆ ಹೇಳುವುದುಂಟೇ. ನೋರೀನ್ ಒಂದು ಸಲ ಬಾಯಿ ತೆರೆದ ಮೇಲೆ ನಿಲ್ಲುವವಳಲ್ಲ. ಅಮ್ಮನೇ ಫೋನು ಮಾಡಿ ಕೇಳಿದ್ದಂತೆ, ಬೆರಿಲ್ ಪೇಟೆಗೆ ಹೋದ ಹೊತ್ತು ನೋಡಿ, ಪಿಸುಮಾತಿನಲ್ಲಿ. ಆ ಹಾದಿಯಲ್ಲಿ ಗಾಲಿಕುರ್ಚಿ ಹೂತುಹೋಯಿತಂತೆ, ಇಳಿದು ಕೋಲೂರಿಕೊಂಡು ನಡೆದಳಂತೆ, ಗೇಟು ತೆಗೆಯಲು ಬಾರದೆ ಇಬ್ಬರೂ ನಕ್ಕು ನಕ್ಕು ಸುಸ್ತಾದರಂತೆ. ಬಗ್ಗಿ ಕಲ್ಲಿಗೆ ಕೆನ್ನೆ ಕೊಟ್ಟು ನಿಂತಳಂತೆ. ಸಂಜೆ ಊರಿನ ಹೋಟೆಲಿನಲ್ಲಿ ಒಂದು ಲೋಟ ಕೆಂಪು ವೈನು ಕುಡಿದು, ಬೆರಿಲ್ ಇದನ್ನ ನೋಡಿದ್ದಿದ್ರೆ ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳಂತೆ. ಅಲ್ಲಿಗೆ ನೋರೀನ್‌ಗೆ ತಾನು ಏನು ಹೇಳುತ್ತಿದ್ದೇನೆಂದು ಹೊಳೆದಿರಬೇಕು, ನಿಲ್ಲಿಸಿದಳು. "ಅವಳು ನಿಂಗೆ ಹೆದರ್ತಿದ್ಲು, ಬೆರಿಲ್. ಪ್ರೀತಿ ಇರ್ಲಿಲ್ಲ ಅಂತ ಅಲ್ಲ. ಹೆದರ್ತಿದ್ಲು."

"ನನ್ನ ಕೇಳ್ಬಹುದಿತ್ತು," ಎಂದಳು ಬೆರಿಲ್. "ಒಂದು ಮಾತು ಕೇಳಿದ್ರೆ ನಾನು ಕರ್ಕೊಂಡು ಬರ್ತಿರ್ಲಿಲ್ವಾ?"

ಅಂದ ಕೂಡಲೇ ಅವಳಿಗೆ ನೆನಪಾಯಿತು: ಅಮ್ಮ ಕೇಳಿದ್ದಳು. ಒಂದು ಸಲವಲ್ಲ, ಎರಡು ಸಲ. ಮೊದಲನೆಯ ಸಲ ಯಾವುದೋ ಪ್ರವಾಸದ ಕರಪತ್ರವನ್ನು ತಟ್ಟೆಯ ಕೆಳಗೆ ಇಟ್ಟು, ಬೆರಿಲ್ ನೋಡಲೆಂದು ಕಾದಿದ್ದಳು. ಬೆರಿಲ್ ಅದನ್ನು ಕಸದ ಜೊತೆ ಎತ್ತಿಹಾಕಿದ್ದಳು. ಎರಡನೆಯ ಸಲ ಬಚ್ಚಲಿನಲ್ಲಿ, ಬೆನ್ನು ಉಜ್ಜಿಸಿಕೊಳ್ಳುತ್ತ, ಮುಖ ಕಾಣದ ಧೈರ್ಯದಲ್ಲಿ ಬಾಯಿಬಿಟ್ಟೇ ಕೇಳಿದ್ದಳು. "ಈ ಕಾಲು ಇಟ್ಕೊಂಡು ಫ್ರಾನ್ಸಾ? ಬಚ್ಚಲಿಗೆ ಬರೋಕೇ ನಾನು ಬೇಕು ನಿಂಗೆ" ಎಂದು ಬೆರಿಲ್ ನಕ್ಕಿದ್ದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಮಾತಾಡುವಂತೆ ಮಾತಾಡಿದ್ದಳು. ಅಮ್ಮ, ಅದೂ ಸರಿಯೇ, ಎಂದಿದ್ದಳು. ಸಾಬೂನಿನ ನೀರಿನ ಕೆಳಗೆ ಅವಳ ಬೆನ್ನುಮೂಳೆಯ ಮಣಿಗಳು ಒಂದೊಂದಾಗಿ ಕಾಣುತ್ತಿದ್ದವು. ಇಷ್ಟು ವರ್ಷ, ಎಂದೂ ಕೇಳಿದವಳಲ್ಲ ಎಂದು ಬೆರಿಲ್ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು, ಗಾರ್ಸೈಡ್‌ಗೆ ಬರೆದ ಕಾಗದದಲ್ಲೂ ಹಾಗೆಂದೇ ಬರೆದಿದ್ದಳು. ಸುಳ್ಳು ಹೇಳುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ.

ಆದರೂ ಅವಳಿಗೆ ಮೋಸವಾಗಿತ್ತು. ತಾನು ನಕ್ಕದ್ದು ನಿಜ, ಮೋಸವಾದದ್ದೂ ನಿಜ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಲು ಬರುವುದಿಲ್ಲ. ಬಂದು ಹೋದವಳು ಆಮೇಲೆ ಮೂರು ವರ್ಷ ಅದೇ ಮನೆಯಲ್ಲಿ, ಅದೇ ಕುರ್ಚಿಯಲ್ಲಿ ಕೂತು, ಬೆರಿಲ್ ಕೈಯಿಂದ ಗಂಜಿ ಕುಡಿಸಿಕೊಳ್ಳುತ್ತ, ಒಳಗೊಳಗೇ ಇದನ್ನು ಸವಿಯುತ್ತ ಕೂತಿದ್ದಳು. ನವೆಂಬರ್ ಹನ್ನೊಂದಕ್ಕೆ ಹ್ಯಾಟು ಹಾಕಿಕೊಂಡು ಬೆರಿಲ್‌ಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನೋಡಿ ಬಂದ ಗೋರಿಯನ್ನು ನೋಡದವಳಂತೆ ನೆನೆದಿದ್ದಳು. ಕೊನೆಗೆ ಮಣಿಕಟ್ಟು ಹಿಡಿದು ಆ ಮಾತು ಹೇಳಿದಳು. ಬೆರಿಲ್ ಅದನ್ನು ತನಗೊಬ್ಬಳಿಗೇ ಕೊಟ್ಟ ಉಡುಗೊರೆ ಎಂದುಕೊಂಡಳು. ಎಲ್ಲರಿಗೂ ಬಡಿಸಿದ ಮೇಲೆ ನೆನಪಾಗಿ ಇಟ್ಟ ತುತ್ತು ಅದು. ಮಗಳು ಕರೆದುಕೊಂಡು ಬಂದಳು. ಇನ್ನೊಬ್ಬ ಮಗಳು ಇದ್ದಾಳೆಂದು ಆ ಪುಟದಲ್ಲಿ ಎಲ್ಲೂ ಇರಲಿಲ್ಲ.

"ಇನ್ನೂ ಆರು ನಿಮಿಷ ಇದೆ," ಎಂದಳು ನೋರೀನ್. ಮೂಗು ಸುರಿಸುತ್ತಿದ್ದಳು. "ಅಮ್ಮನ್ನ ಅಜ್ಜನ ಹತ್ರ ಬಿಟ್ಬಿಡು. ಯಾರೂ ಬರದ ಹಾಗೆ ನಾನು ಗೇಟಿನ ಹತ್ರ ನಿಂತಿರ್ತೀನಿ."

ಬೆರಿಲ್ ಡಬ್ಬಿ ಎತ್ತಿಕೊಂಡು ಎರಡನೆಯ ಸಾಲಿನ ಏಳನೆಯ ಕಲ್ಲಿನವರೆಗೂ ಹೋದಳು. ಗುಲಾಬಿ ಗಿಡದ ಬುಡದ ಮಣ್ಣು ಕಪ್ಪಗೆ, ಸಡಿಲವಾಗಿ, ಸಿದ್ಧವಾಗಿತ್ತು. ಚೀಲದಲ್ಲಿ ಕೈಸಲಿಕೆ ಕೈಗೆ ಸಿಕ್ಕಿತು. ಮಂಡಿಯೂರಿದಳು. ಕಲ್ಲಿನ ಬಲಬದಿ, ಒಬ್ಬ ಗಿಡ್ಡ ಮುದುಕಿ ಬಗ್ಗಿದರೆ ಕೆನ್ನೆ ತಾಗುವ ಎತ್ತರದಲ್ಲಿ, ಉಳಿದೆಲ್ಲ ಬದಿಗಳಂತೆಯೇ ಬಿಳಿಯಾಗಿತ್ತು. ಡಬ್ಬಿಯ ಮುಚ್ಚಳದ ಅಂಚಿಗೆ ಉಗುರು ಸಿಕ್ಕಿಸಿ ಒಂದು ಕಡೆ ಸ್ವಲ್ಪ ಎತ್ತಿದಳು. ಅಮ್ಮನಿಗೆ ಈಗ ಇಲ್ಲಿ ಇಳಿಯುವುದು ಎಷ್ಟು ಸಲೀಸು. ಕೇಳಬೇಕಾದ್ದು ಏನೂ ಇಲ್ಲ, ಹೆದರಬೇಕಾದ್ದೂ ಇಲ್ಲ, ಅಪ್ಪನ ಪಕ್ಕ ಮಲಗಿಬಿಟ್ಟರೆ ಬೆರಿಲ್ ಎಂಬವಳು ಮತ್ತೆ ಯಾವತ್ತೂ ಬಾಗಿಲಲ್ಲಿ ಬಂದು ತಟ್ಟೆ ಎತ್ತಿಕೊಂಡು ಹೋಗುವುದಿಲ್ಲ. ಅವಳು ಎಷ್ಟು ಹೊತ್ತು ಹಾಗೆ ಕೂತಿದ್ದಳೋ, ಗಾರ್ಸೈಡ್ ಗೋಡೆಯ ಆಚೆಯಿಂದ ಕೆಮ್ಮಿದ. ಬೆರಿಲ್ ಮುಚ್ಚಳವನ್ನು ಅಂಗೈಯಿಂದ ಒತ್ತಿ, ಸುತ್ತಲೂ ಹೆಬ್ಬೆರಳಿನಿಂದ ಅಮುಕಿ, ಎದ್ದಳು. ಗೂಡಿನ ಬಳಿ ಹೋಗಿ ಪುಸ್ತಕದ ಖಾಲಿ ಸಾಲಿನಲ್ಲಿ ಹೆಸರು, ಊರು ಬರೆದಳು. ಮಾತಿನ ಜಾಗವನ್ನು ಹಾಗೇ ಬಿಟ್ಟು ಕಂಚಿನ ಬಾಗಿಲು ಮುಚ್ಚಿದಳು.

ಬಸ್ಸಿನಲ್ಲಿ ಎಲ್ಲರೂ ಅವಳಿಗಾಗಿ ಕಾದಿದ್ದರು. ಮೆಟ್ಟಿಲು ಹತ್ತುತ್ತಿದ್ದಂತೆ ಗಾರ್ಸೈಡ್ ಮೈಕು ಕೈಗೆ ಕೊಟ್ಟ, ಎರಡೇ ಮಾತು, ಮನಸ್ಸಿದ್ದರೆ, ಎಂದ. ನಲವತ್ತು ಮುಖಗಳು ಮೃದುವಾಗಿ ಅವಳನ್ನು ನೋಡುತ್ತಿದ್ದವು. ನಿಜ ಹೇಳಿದರೆ ಆ ಮುಖಗಳಿಗೆಲ್ಲ ಏನಾಗುತ್ತದೆಂದು ಅವಳಿಗೆ ಕಂಡಿತು. ಅವರು ಅವಳನ್ನು ಸಮಾಧಾನಪಡಿಸತೊಡಗುತ್ತಾರೆ. ಅದಕ್ಕಿಂತ ಸುಳ್ಳು ವಾಸಿ ಎನ್ನಿಸಿತು. ಅಮ್ಮ ಶುರುಮಾಡಿದ ಸುಳ್ಳನ್ನು ಮುಂದುವರಿಸಿದಳು. "ನಮ್ಮ ಮನೆಯಿಂದ ಇಲ್ಲಿಗೆ ಮೊದಲು ಬಂದಿದ್ದು ನಾನು," ಎಂದಳು. "ನಮ್ಮಮ್ಮ ಇದ್ದಿದ್ರೆ ಸಂತೋಷಪಡ್ತಿದ್ರು. ಎಲ್ಲರಿಗೂ ಉಪಕಾರ ಆಯ್ತು." ಚಪ್ಪಾಳೆ ಹೊಡೆದರು. ನೋರೀನ್ ಕೂಡ ಹೊಡೆದಳು, ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಹೊತ್ತು, ಬೆರಿಲ್‌ಳ ಕಣ್ಣು ತಪ್ಪಿಸುತ್ತ.

ಬಸ್ಸು ಹೊರಟಿತು. ಬೆರಿಲ್ ಕಿಟಕಿಯ ಪಕ್ಕ ಕೂತು ಅಭ್ಯಾಸಬಲದಿಂದ ಕಾಗದದ ಕರವಸ್ತ್ರ ತೆಗೆದು ಶೂಗಳ ಕಡೆ ಬಾಗಿದಳು. ಬಿಳಿ ಕೆಸರು ಅಂಚಿನಲ್ಲಿ ಆಗಲೇ ಒಣಗಿ ಬಿರಿಯತೊಡಗಿತ್ತು. ಒರೆಸಲಿಲ್ಲ. ಕರವಸ್ತ್ರವನ್ನು ಮಡಿಸಿ ವಾಪಸು ಚೀಲಕ್ಕೆ ಹಾಕಿದಳು. ನೋರೀನ್ ಅವಳ ತೊಡೆಯ ಮೇಲೆ ಮತ್ತೆ ಬಂದು ಕೂತ ಡಬ್ಬಿಯನ್ನು ನೋಡಿದಳು, ಎರಡು ಬೆರಳಿನಿಂದ ತೂಕ ನೋಡುವವಳಂತೆ ಮುಟ್ಟಿದಳು, ಕೈ ಹಿಂದಕ್ಕೆ ತೆಗೆದುಕೊಂಡಳು. "ಬಿಡ್ಲಿಲ್ವಾ?" ಎಂದು ಪಿಸುಗುಟ್ಟಿದಳು. ಆಚೆ ಸಾಲಿನಿಂದ ಕ್ಲಿಫ್ ಈಗ ತಮಾಷೆಯಿಲ್ಲದೆ, ಅವಳ ಮನಸ್ಸು ಹಗುರಮಾಡಬೇಕೆಂಬ ಒಳ್ಳೆಯತನದಿಂದಲೇ, ಬಗ್ಗಿ ಕೇಳಿದ.

"ಇವತ್ತಾದ್ರೂ ಒಂದು ಕೊಡಿ ಸಿಸ್ಟರ್. ಒಳ್ಳೆ ದಿನ."

"ಕೊಡೋಕಾಗಲ್ಲ," ಎಂದಳು ಬೆರಿಲ್. "ಇದು ಮನೆಗೆ ವಾಪಸ್ ಹೋಗ್ಬೇಕು."

ಹಾಗೆಂದು, ಡಬ್ಬಿಯನ್ನು ಹೊಟ್ಟೆಗೆ ಹತ್ತಿರ ಎಳೆದುಕೊಂಡು ಎರಡು ತೋಳುಗಳನ್ನೂ ಅದರ ಸುತ್ತ ಬಳಸಿದಳು. ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಗಡಿಯಾರದ ಬಳಿಯ ಕಾರ್ಡನ್ನು ಮುಂದಿಟ್ಟುಕೊಂಡು, ಅಮ್ಮನನ್ನು ಬೈಯುವುದಿತ್ತು.